ಯಾರಿಗೂ ಕೇಳಿಸದ ಸೌಂಡು

ಮಸ್ಕಿಯಲ್ಲಿ ಸೌಂಡಿನ ವಿಷಯ ಬಂದರೆ ಕೊನೆಯ ಮಾತು ದಸ್ತಗೀರ್‌ಸಾಬರದು. ಈ ಅಧಿಕಾರವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಮೂವತ್ತೆಂಟು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟು ಕೊಟ್ಟು ಅವರೇ ತೆಗೆದುಕೊಂಡಿದ್ದರು. ಲಗ್ನವಿರಲಿ, ಉರುಸಿರಲಿ, ಪುರಾಣ ಪ್ರವಚನವಿರಲಿ, ಚುನಾವಣೆಯ ಭಾಷಣವಿರಲಿ, ವೇದಿಕೆಯ ಪಕ್ಕದಲ್ಲೊಂದು ಮಡಚುವ ಕುರ್ಚಿ, ಅದರ ಮೇಲೆ ದಸ್ತಗೀರ್‌ಸಾಬ್. ಬಲಗೈ ಸೌಂಡಿನ ಗುಂಡಿಯ ಮೇಲೆ, ಎಡ ಅಂಗೈ ಸ್ಪೀಕರ್ ಪೆಟ್ಟಿಗೆಯ ಬೆನ್ನ ಮೇಲೆ. "ಪೆಟ್ಟಿಗಿ ಉಸಿರಾಡೂದು ಕೈಗೆ ಗೊತ್ತಾಗಬೇಕು ನೋಡ್ರಿ" ಎಂದು ಅವರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು.

ಇಂಥ ದಸ್ತಗೀರ್‌ಸಾಬರಿಗೆ ನಾಲ್ಕು ವರ್ಷದಿಂದ ಕಿವಿ ಕೇಳುತ್ತಿರಲಿಲ್ಲ.

ಒಂದೇ ಸಲಕ್ಕೆ ಹೋದದ್ದಲ್ಲ. ಮೊದಲು ಹೋದದ್ದು ಚೂಪಾದ, ತೆಳ್ಳನೆಯ ಸೌಂಡು: ಗುಬ್ಬಿಗಳು, ಕುಕ್ಕರಿನ ಸೀಟಿ, ಹೆಂಡತಿ ಕರೀಮಾಬಿಯ ಬಳೆ. ಆಮೇಲೆ ಮೊಬೈಲು. ಆಮೇಲೆ ಸ್ವತಃ ಕರೀಮಾಬಿ. ಈಗ ಉಳಿದದ್ದು ಗುಡುಗು ಮತ್ತು ಲಾರಿ. ಎದುರಿಗೆ ನಿಂತು ಬಾಯಿ ತೆರೆದು ಮಾತಾಡಿದವರ ತುಟಿ ನೋಡಿ ಅರ್ಧ ತಿಳಿಯುತ್ತಿದ್ದರು, ಇನ್ನರ್ಧ ಊಹಿಸುತ್ತಿದ್ದರು. ಊಹೆಗೂ ನಿಲುಕದ್ದಕ್ಕೆ "ಹೌದ್ಹೌದು, ನೋಡೋಣಂತ" ಎನ್ನುತ್ತಿದ್ದರು. ರಾಜಕಾರಣಿಗಳ ಜೊತೆ ಬಹಳ ವರ್ಷ ಓಡಾಡಿದ್ದರಿಂದ ಈ ಉತ್ತರ ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ.

ಸೌಂಡ್ ಸರ್ವಿಸಿನವನಿಗೇ ಕಿವಿಯಿಲ್ಲ ಎಂಬ ಸುದ್ದಿ ಹೊರಬಿದ್ದರೆ ಊರಲ್ಲಿ ತಲೆ ಎತ್ತುವುದು ಹೇಗೆ? ಅದಕ್ಕೇ ಇದು ಗುಟ್ಟು. ಹೆಂಡತಿಗೂ ಹೇಳದ ಗುಟ್ಟು. ಸಭೆಯಲ್ಲಿ ಸೌಂಡು ಹೊಂದಿಸಲು ಅವರು ಒಂದು ಉಪಾಯ ಕಂಡುಕೊಂಡಿದ್ದರು. ಎದುರುಮನೆಯ ಕಿರಾಣಿ ಅಂಗಡಿ ಅಮರಗುಂಡಪ್ಪನಿಗೆ ಒಂದು ಚಟವಿತ್ತು. ಸೌಂಡು ಜಾಸ್ತಿಯಾದರೆ ಅವನು ಹೆಗಲ ಮೇಲಿನ ಟವೆಲನ್ನು ಎಡಕ್ಕೆ ಹಾಕಿಕೊಳ್ಳುತ್ತಿದ್ದ, ಕಡಿಮೆಯಾದರೆ ಬಲಕ್ಕೆ. ಪಾಪ, ತನ್ನ ಚಟ ತನಗೇ ಗೊತ್ತಿಲ್ಲದ ಮನುಷ್ಯ. ಇದನ್ನು ಪತ್ತೆಹಚ್ಚಿದ ದಿನ ದಸ್ತಗೀರ್‌ಸಾಬ್ ತಮ್ಮ ಬುದ್ಧಿಗೆ ತಾವೇ ಶಹಬ್ಬಾಸ್ ಹೇಳಿಕೊಂಡಿದ್ದರು. ಅಂದಿನಿಂದ ಟವೆಲು ನೋಡಿ ಗುಂಡಿ ತಿರುಗಿಸುವುದು, ಜನ "ದಸ್ತಗೀರ್‌ಸಾಬ್ರ ಕಿವಿ ಅಂದ್ರ ಕಿವಿ" ಎನ್ನುವುದು. ಅಮರಗುಂಡಪ್ಪನೂ ಪುಣ್ಯಾತ್ಮ, ತನಗೆ ಸಂಬಂಧವಿಲ್ಲದ ಸಭೆಗೂ ಬಂದು ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ಯಾಕೆ ಎಂದು ದಸ್ತಗೀರ್‌ಸಾಬ್ ಯಾವತ್ತೂ ಯೋಚಿಸಲಿಲ್ಲ. ಸದ್ಯಕ್ಕೆ ನಾವೂ ಯೋಚಿಸುವುದು ಬೇಡ.

ಹೀಗೆ ಎಲ್ಲ ಸುಸೂತ್ರವಾಗಿ ನಡೆದಿರುವಾಗ ಮಗಳು ಅತೀಯಾ ಚೊಚ್ಚಲ ಹೆರಿಗೆಗೆಂದು ಲಿಂಗಸುಗೂರಿನ ಗಂಡನ ಮನೆಯಿಂದ ತವರಿಗೆ ಬಂದಳು. ಏಳು ತಿಂಗಳು ತುಂಬಿತ್ತು. ಮೊದಲಿನಿಂದ ನೋಡುತ್ತಿದ್ದ ಡಾಕ್ಟರು ಲಿಂಗಸುಗೂರಿನಲ್ಲೇ ಇದ್ದುದರಿಂದ ತಿಂಗಳ ತಪಾಸಣೆಗೆ ಅಪ್ಪನೇ ಅವಳನ್ನು ಕರೆದೊಯ್ದರು. ಡಾಕ್ಟರು ಟೇಪು ಹಿಡಿದು ಹೊಟ್ಟೆ ಅಳೆದು, "ತಿಂಗಳಿಗೆ ತಕ್ಕಂತೆ ಬೆಳೆದಿಲ್ಲ, ಸ್ವಲ್ಪ ಸಣ್ಣದಿದೆ. ಮೂರು ದಿನದೊಳಗೆ ಸಿಂಧನೂರಿನಲ್ಲಿ ಒಂದು ಸ್ಕ್ಯಾನಿಂಗ್ ಮಾಡಿಸಿ" ಎಂದು ಚೀಟಿ ಬರೆದರು. ಅತೀಯಾಳ ಮುಖ ಬಾಡಿತು. ಅದನ್ನು ನೋಡಿ ಡಾಕ್ಟರು ಗೋಡೆಯ ಕಡೆ ಕೈ ತೋರಿಸಿ, "ಹೆದರಬೇಡಮ್ಮ, ಎಕ್ಸ್‌ರೇ ಅಲ್ಲ ಅದು, ಬರೀ ಸೌಂಡು" ಎಂದರು.

ದಸ್ತಗೀರ್‌ಸಾಬರಿಗೆ ಮಾತು ತಲುಪಲಿಲ್ಲ, ಗೋಡೆ ತಲುಪಿತು. ಕಿವಿ ಹೋದ ಮೇಲೆ ಅವರಿಗೆ ಗೋಡೆ ಓದುವ ಅಭ್ಯಾಸವಾಗಿತ್ತು. ಅಲ್ಲಿ ನಗುತ್ತಿರುವ ಮಗುವಿನ ಚಿತ್ರದ ಕೆಳಗೆ ಹೀಗೆ ಬರೆದಿತ್ತು: 'ಸ್ಕ್ಯಾನಿಂಗ್ ಎಂದರೆ ಭಯ ಬೇಡ. ಸೆಕೆಂಡಿಗೆ ಸುಮಾರು ಮೂವತ್ತೈದು ಲಕ್ಷ ಸಲ ಕಂಪಿಸುವ ಶಬ್ದವನ್ನು ಹೊಟ್ಟೆಯೊಳಗೆ ಕಳಿಸಲಾಗುತ್ತದೆ. ಇದು ಮನುಷ್ಯರ ಕಿವಿಗೆ ಕೇಳಿಸದು. ಮಗುವಿಗೆ ತಗುಲಿ ಮರಳುವ ಪ್ರತಿಧ್ವನಿಯೇ ಚಿತ್ರವಾಗುತ್ತದೆ.'

ಭಯ ಬೇಡವೆಂದು ಬರೆದ ಆ ಹಲಗೆಯನ್ನು ಓದಿ ಇಡೀ ತಾಲ್ಲೂಕಿನಲ್ಲಿ ಭಯಪಟ್ಟವರು ದಸ್ತಗೀರ್‌ಸಾಬ್ ಒಬ್ಬರೇ ಇರಬೇಕು. ಮೂವತ್ತೈದು ಲಕ್ಷ! ಅವರಲ್ಲಿದ್ದ ಅತಿ ಚೂಪಾದ ಸ್ಪೀಕರಿನ ಪೆಟ್ಟಿಗೆಯ ಮೇಲೆ ಬರೆದದ್ದು ಇಪ್ಪತ್ತು ಸಾವಿರ. ಆ ಇಪ್ಪತ್ತು ಸಾವಿರದ ಪಕ್ಕದಲ್ಲಿ ಕೂತೇ ಅಲ್ಲವೇ ತಮ್ಮ ಕಿವಿ ಹೋದದ್ದು? ಅದೂ ಚೂಪಾದ ಸೌಂಡೇ ಮೊದಲು ಹೋದದ್ದು. ಈಗ ಕಿವಿ ಕೂಡ ಹಿಡಿಯಲಾರದಷ್ಟು ಚೂಪಾದದ್ದನ್ನು, ಇನ್ನೂ ಕಣ್ಣು ಬಿಡದ ಕೂಸಿನ ಮೈಮೇಲೆ! ಅವರು ಬಸ್ಸಿನಲ್ಲಿ ಮಗಳ ಪಕ್ಕ ಕೂತು ಮಸ್ಕಿಯವರೆಗೂ ಬೆವರಿದರು. ಅರ್ಧ ದಾರಿಯಲ್ಲಿ ಒಂದು ಯೋಚನೆ ಬಂತು.

"ಬೇಟಿ, ಈ ಮೊದ್ಲ ಸ್ಕ್ಯಾನಿಂಗ್ ಮಾಡ್ಸೀರೇನು?"

ಅತೀಯಾ ಅಪ್ಪನಿಗೆ ಕಾಣುವಂತೆ ಎರಡು ಬೆರಳು ಎತ್ತಿದಳು. "ಎರಡು ಸಲ ಆಗ್ಯಾವ, ಅಬ್ಬಾ."

ಯಾ ಅಲ್ಲಾ ಎಂದು ದಸ್ತಗೀರ್‌ಸಾಬ್ ಕಣ್ಣು ಮುಚ್ಚಿದರು. ಎಪ್ಪತ್ತು ಲಕ್ಷ ಆಗಲೇ ಆಗಿಹೋಗಿತ್ತು.

ಈ ಭಯವನ್ನು ಮನೆಯಲ್ಲಿ ಹೇಳುವ ಹಾಗಿರಲಿಲ್ಲ. ಸೌಂಡಿನಿಂದ ಕಿವಿ ಹೋಗುತ್ತದೆಂದರೆ ನಿಮಗೆ ಹೇಗೆ ಗೊತ್ತು ಎಂದು ಕರೀಮಾಬಿ ಕೇಳುತ್ತಾಳೆ. ಹಾಗಾಗಿ ಮೊದಲ ದಿನ ಅವರು ಸಿಂಧನೂರಿನಲ್ಲಿ ಕರೆಂಟಿಲ್ಲ ಎಂದರು. ಎರಡನೆಯ ದಿನ ಬಸ್ಸಿಲ್ಲ ಎಂದರು. ಆ ಮಾತು ಹೇಳುವಾಗಲೇ ಹಿಂದಿನ ರಸ್ತೆಯಲ್ಲಿ ಸಿಂಧನೂರಿನ ಎರಡು ಬಸ್ಸು ಒಂದರ ಹಿಂದೊಂದು ಹಾರ್ನ್ ಹೊಡೆಯುತ್ತ ಹೋದವು. ಅವರು ಬೆನ್ನು ತಿರುಗಿಸಿ ನಿಂತಿದ್ದರಿಂದ ಅವರಿಗದು ತಿಳಿಯಲಿಲ್ಲ. ಕರೀಮಾಬಿ ಗಂಡನ ಮುಖ ನೋಡಿ ಒಳಗೆ ಹೋದಳು.

ಆದರೆ ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುವುದು ಖಂಡಿತ. ಸಂಜೆ ಅಂಗಡಿಯ ಕಟ್ಟೆಯ ಮೇಲೆ ಅಮರಗುಂಡಪ್ಪನಿಗೆ ಅವರು ಶಾಸ್ತ್ರದ ರೂಪದಲ್ಲಿ ಹೇಳಿದರು: "ಸ್ಕ್ಯಾನಿಂಗ್ ಅಂದ್ರ ಏನಂತ ತಿಳಿದೀಯೋ? ಅದು ಸೌಂಡು. ಮಷಿನ್ನಿನ ಅದ ಬಾಯಿಲೆ ಒದರೂದು, ಅದ ಬಾಯಿಲೆ ಕೇಳೂದು. ಮೈಕು, ಸ್ಪೀಕರು ಒಂದ ಕಡಿ ಇಟ್ರ ಏನಾಗತೈತಿ?"

"ಕುಂಯ್ ಅಂತೈತಿ" ಎಂದ ಅಮರಗುಂಡಪ್ಪ, ಸಾಹೇಬರಿಗೆ ತುಟಿ ಕಾಣುವಂತೆ ನಿಧಾನವಾಗಿ.

"ಹೊಟ್ಟಿ ಒಳಗ ಕುಂಯ್ ಅಂದ್ರ?"

ಅಮರಗುಂಡಪ್ಪನ ಹೆಂಡತಿ ಪಾರ್ವತೆಮ್ಮ ಒಳಗಿನಿಂದ ಓಡಿ ಬಂದಳು. "ಅಯ್ಯ ಶಿವನ! ಹೋದ ವರ್ಷ ಪಿತ್ತಕೋಶದ ಕಲ್ಲಿಗಂತ ನನಗೂ ಮಾಡ್ಯಾರ. ಅದಕ ಏನ್ರೀ, ಆವತ್ತಿಂದ ಇವ್ರು ಹೇಳಿದ್ದು ನನಗ ತಲಿಗೇ ಹೋಗವಲ್ದು?"

"ಅದು ಲಗ್ನ ಆದಾಗಿಂದ ಹೋಗಿಲ್ಲ" ಎಂದ ಅಮರಗುಂಡಪ್ಪ. ಆದರೂ ಓಣಿಗೆ ಸುದ್ದಿ ಹಬ್ಬಿತು. ಮರುದಿನ ಬೆಳಿಗ್ಗೆ ಇಬ್ಬರು ಗರ್ಭಿಣಿಯರ ಅತ್ತೆಯಂದಿರು ಬಂದು ದಸ್ತಗೀರ್‌ಸಾಬರ ಸಲಹೆ ಕೇಳಿದರು. ಅವರು "ಹೌದ್ಹೌದು, ನೋಡೋಣಂತ" ಎಂದು ಕಳಿಸಿದರು. ಮನೆಯೊಳಗೆ ಅತೀಯಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಆ ಚೀಟಿಯನ್ನು ಮತ್ತೆ ಮತ್ತೆ ಓದುತ್ತಿದ್ದಳು. ಸ್ವಲ್ಪ ಸಣ್ಣದಿದೆ ಎಂದರೆ ಎಷ್ಟು ಸಣ್ಣದು ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ದಸ್ತಗೀರ್‌ಸಾಬ್ ಒಂದು ನಿರ್ಧಾರಕ್ಕೆ ಬಂದರು. ಮೊದಲಿನ ಎರಡು ಸ್ಕ್ಯಾನಿಂಗಿನಿಂದ ಕೂಸಿನ ಕಿವಿಗೆ ಏನಾಗಿದೆ ಎಂಬುದನ್ನು ತಾವೇ ಪರೀಕ್ಷೆ ಮಾಡುವುದು. ಪಡಸಾಲೆಯಲ್ಲಿ ಅತೀಯಾಳನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಎದುರಿಗೆ ಸ್ಟೂಲು, ಸ್ಟೂಲಿನ ಮೇಲೆ ಸಣ್ಣ ಸ್ಪೀಕರು, ಕೈಯಲ್ಲಿ ವೈರಿಲ್ಲದ ಮೈಕು.

"ಕೂಸು ಒದ್ರ ಕೈ ಎತ್ತು" ಎಂದು ಮಗಳಿಗೆ ಹೇಳಿ, ಗಂಟಲು ಸರಿಮಾಡಿಕೊಂಡು, ಮೂವತ್ತೆಂಟು ವರ್ಷದ ಗಾಂಭೀರ್ಯದಿಂದ ಶುರು ಮಾಡಿದರು: "ಹಲೋ... ಹಲೋ... ಚೆಕ್... ಒಂದು, ಎರಡು, ಮೂರು..."

ಅತೀಯಾ ಕೈ ಎತ್ತಲಿಲ್ಲ. ಸೌಂಡು ಏರಿತು. "ಹಲೋ, ಹಲೋ!" ಕೈ ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಮರಗುಂಡಪ್ಪನ ಟವೆಲು ಎಡಕ್ಕೆ ಹೋಯಿತು. ದಸ್ತಗೀರ್‌ಸಾಬ್ ಜೀವನದಲ್ಲಿ ಮೊದಲ ಸಲ ಟವೆಲಿಗೆ ವಿರುದ್ಧವಾಗಿ ಗುಂಡಿ ತಿರುಗಿಸಿದರು. ಕಪಾಟಿನ ಪಿಂಗಾಣಿ ಬಟ್ಟಲುಗಳು ಒಂದಕ್ಕೊಂದು ತಾಗತೊಡಗಿದವು.

"ಮಧ್ಯಾಹ್ನದಾಗ ಕೂಸು ಮಲಗಿರತೈತಿ ರೀ ಸಾಹೇಬ್ರ" ಎಂದು ಪಾರ್ವತೆಮ್ಮ ಕಿರುಚಿದಳು.

ಸಾಹೇಬರ ಮುಖ ಬಿಳಿಚಿಕೊಂಡಿತ್ತು. ಕಣ್ಣಲ್ಲಿ ನೀರು ತುಂಬಿತ್ತು. "ಹಲೋ... ಬೇಟಾ... ನಾ ನಿನ್ನ ನಾನಾ, ನಿಮ್ಮವ್ವನ ಅಬ್ಬಾ ಮಾತಾಡಾಕತ್ತೀನಿ... ಹಲೋ..."

ಸರಿಯಾಗಿ ಆ ಹೊತ್ತಿಗೆ ಲಿಂಗಸುಗೂರಿನ ಬೀಗಿತ್ತಿ ಶಾಕೀರಾಬಿ ಒಂದು ಚೀಲ ಖರ್ಜೂರ ಹಿಡಿದುಕೊಂಡು, ಸ್ಕ್ಯಾನಿಂಗ್ ಏನಾಯಿತೆಂದು ವಿಚಾರಿಸಲು ಬಂದರು. ಓಣಿಯ ತುದಿಯಲ್ಲೇ ಅವರಿಗೆ ಹಲೋ ಕೇಳಿತ್ತು. ಒಳಗೆ ಬಂದು ನೋಡಿದರೆ ಸೊಸೆಯ ಹೊಟ್ಟೆಗೆ ಸ್ಪೀಕರು ತಿರುಗಿಸಿಕೊಂಡು ಬೀಗರು ಅಳುತ್ತಿದ್ದಾರೆ.

"ಬೀಗರ, ಏನ್ ನಡಿಸೀರಿ ಇಲ್ಲಿ?"

ಬೆನ್ನ ಹಿಂದಿನ ಮಾತು. ಬೀಗರು "ಹಲೋ, ಒಂದು, ಎರಡು" ಎಂದು ಮುಂದುವರಿಸಿದರು. ಶಾಕೀರಾಬಿ ಹೋಗಿ ಪ್ಲಗ್ಗು ಕಿತ್ತರು.

ಆಮೇಲೆ ನಡೆದದ್ದನ್ನು ಪೂರ್ತಿ ಬರೆಯುವುದು ಎರಡೂ ಮನೆತನಕ್ಕೆ ಶೋಭೆಯಲ್ಲ. ಸಾರಾಂಶ ಇಷ್ಟು. "ಡಾಕ್ಟರ್ ಮೂರು ದಿನ ಅಂದ್ರ ನೀವು ಇಲ್ಲಿ ಮೈಕ್ ಟೆಸ್ಟ್ ಮಾಡಾಕತ್ತೀರೇನು? ಈಗಿಂದೀಗ ನಮ್ಮ ಸೊಸಿನ ಕರಕೊಂಡು ಹೋಗ್ತೀನಿ. ಹೆರಿಗಿ ನಮ್ಮನ್ಯಾಗ!" ಎಂದರು ಶಾಕೀರಾಬಿ. ಚೊಚ್ಚಲ ಹೆರಿಗೆಗೆ ಬಂದ ಮಗಳು ತವರಿನಿಂದ ಖಾಲಿ ಕೈಯಲ್ಲಿ ವಾಪಸ್ಸು ಹೋಗುವುದೆಂದರೆ! ಕರೀಮಾಬಿ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದಳು. ಇದನ್ನು ಕೇಳಿಸಿಕೊಳ್ಳಲು ದಸ್ತಗೀರ್‌ಸಾಬರಿಗೆ ಕಿವಿ ಬೇಕಾಗಲಿಲ್ಲ. ಹೆಂಡತಿಯ ಮುಖ ನೋಡಿ, ಕೈಮುಗಿದು, "ನಾಳಿ ಮುಂಜಾನಿ ಮೊದಲ್ನೇ ಬಸ್ಸಿಗೆ ಸಿಂಧನೂರು. ನೀವೂ ಬರ್ರಿ, ಬೀಗತೇರ" ಎಂದರು.

ಒಪ್ಪಿದ್ದು ಮೇಲಿನ ಮಾತಿಗೆ. ಒಳಗೊಳಗೆ ಅವರು ಕೂಸನ್ನು ಕಾಪಾಡುವ ಏರ್ಪಾಡು ಮಾಡಿಕೊಂಡೇ ಹೊರಟರು. ಸದ್ದು ಬಡಿದು ಬರುವ ಕಲ್ಯಾಣ ಮಂಟಪಗಳ ಗೋಡೆಗೆ ಅವರು ಕೌದಿ ತೂಗುಹಾಕುತ್ತಿದ್ದರು. ಹತ್ತಿ ಸೌಂಡು ತಿನ್ನುತ್ತದೆ. ಪಾರ್ವತೆಮ್ಮನ ಕೈಯಿಂದ ಮೂರು ಬೆರಳು ದಪ್ಪದ ಹತ್ತಿಯ ಪಟ್ಟಿ ಹೊಲಿಸಿ, ಬುರ್ಖಾದ ಒಳಗೆ ಕಟ್ಟಿಕೋ ಎಂದು ಮಗಳಿಗೆ ಕೊಟ್ಟರು. ಅತೀಯಾ ಅಪ್ಪನನ್ನೂ ಪಟ್ಟಿಯನ್ನೂ ಒಮ್ಮೆ ನೋಡಿ ಕಟ್ಟಿಕೊಂಡಳು. ಬಸ್ಸಿನಲ್ಲಿ ಕಂಡಕ್ಟರು ಅವಳನ್ನು ನೋಡಿ ಗಾಬರಿಯಾಗಿ, ಇಬ್ಬರನ್ನು ಎಬ್ಬಿಸಿ ಜಾಗ ಮಾಡಿಕೊಟ್ಟ. ಅಮರಗುಂಡಪ್ಪನೂ ಅಂಗಡಿ ಮುಚ್ಚಿ ಜೊತೆಗೆ ಬಂದಿದ್ದ, ಹೆಗಲ ಮೇಲೆ ಟವೆಲಿತ್ತು.

ಸಿಂಧನೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಡಾಕ್ಟರ್ ಅಶ್ವಿನಿ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು. ಅತೀಯಾಳ ಜೊತೆ ಒಬ್ಬರು ಬನ್ನಿ ಎಂದರೆ, ದಸ್ತಗೀರ್‌ಸಾಬ್ ಎಲ್ಲರಿಗಿಂತ ಮೊದಲು ನುಗ್ಗಿದರು. ಕರೀಮಾಬಿ ಅವರ ಹಿಂದೆಯೇ ನುಗ್ಗಿದಳು. ಡಾಕ್ಟರು ಹತ್ತಿಯ ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನಮ್ಮ ಇದು?" ಎಂದರು.

"ಅಬ್ಬಾಗ ಸಮಾಧಾನ ಆಗ್ಲಿ ಅಂತ ಕಟಗೊಂಡೀನ್ರೀ" ಎಂದಳು ಅತೀಯಾ ಮೆಲ್ಲಗೆ.

ಆ ಹೊತ್ತಿಗೆ ದಸ್ತಗೀರ್‌ಸಾಬ್ ಡಾಕ್ಟರ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದರು. ತಾವು ಪಿಸುಗುಟ್ಟುತ್ತಿದ್ದೇವೆಂದು ಅವರ ನಂಬಿಕೆ. ಹೊರಗೆ ಕೂತ ಮೂವತ್ತು ಜನರೂ ತಿರುಗಿ ನೋಡಿದರು.

"ಡಾಕ್ಟರ್ರೀ, ಕೂಸಿನ ಬಗ್ಗೆ ಒಂದು ಗುಟ್ಟಿನ ಮಾತು ಕೇಳೂದೈತಿ. ನನಗೊಬ್ಬಗ ಹೇಳ್ರಿ, ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ!"

ಡಾಕ್ಟರ ಮುಖ ಕಲ್ಲಾಯಿತು. ಅವರು ಗೋಡೆಯ ಮೇಲಿನ ದೊಡ್ಡ ಹಲಗೆ ತೋರಿಸಿದರು. ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಇಲ್ಲಿ ಹೇಳಲಾಗುವುದಿಲ್ಲ, ಕೇಳುವುದೂ ಅಪರಾಧ. "ಬಿಳಿ ಗಡ್ಡ ಬಂದೈತಿ, ನಾಚಿಕಿ ಆಗಂಗಿಲ್ಲೇನ್ರಿ? ಹೊರಗ ನಡೀರಿ. ಇಲ್ಲಾಂದ್ರ ಪೊಲೀಸ್ರನ್ನ ಕರೀತೀನಿ!"

ಹೊರಗಿನಿಂದ ಶಾಕೀರಾಬಿಯ ಧ್ವನಿ ಬಂತು: "ನೋಡ್ರಿ, ನಮ್ಮ ಬೀಗರು ಹೆಣ್ಣು ಗಂಡು ಕೇಳಾಕತ್ಯಾರ! ಯಾವ್ದಾದ್ರೂ ನಮ್ಗ ಸೈ ಅಂತ ನಾವ ಹೇಳೀವಿ!" ಮೂವತ್ತು ಜನ ಛೀ ಎಂದರು. ಸೆಂಟರಿನ ಕಾವಲುಗಾರ ಕರಿಬಸಯ್ಯ ಬಾಗಿಲು ತೆರೆದು ದಸ್ತಗೀರ್‌ಸಾಬರ ರಟ್ಟೆ ಹಿಡಿದ. ಈಗ ಬಾಗಿಲು ತೆರೆದಿತ್ತು, ಮೂವತ್ತು ಜನರ ಮುಂದೆ, ಬೀಗಿತ್ತಿಯ ಮುಂದೆ, ಅಮರಗುಂಡಪ್ಪನ ಮುಂದೆ.

ದಸ್ತಗೀರ್‌ಸಾಬ್ ಹಲಗೆ ಓದಿದರು. ಡಾಕ್ಟರ ತುಟಿ ಓದಿದರು. ತಮ್ಮನ್ನು ಏನೆಂದು ತಿಳಿದುಕೊಂಡಿದ್ದಾರೆಂಬುದು ಅರ್ಥವಾಯಿತು. ಇನ್ನು ಮುಚ್ಚಿಡುವಂತಿರಲಿಲ್ಲ. ಮೈಕಿಲ್ಲದೆಯೇ ಮಾತಾಡಿದರು, ಅವರ ಜೀವನದ ಅತ್ಯಂತ ಗಟ್ಟಿಯಾದ ಭಾಷಣ ಅದು.

"ನಾ ಹೆಣ್ಣು ಗಂಡು ಕೇಳಾಕ ಬಂದಿಲ್ರೀ! ನನ್ನ ಮಮ್ಮಗಳ ಕಿವಿ, ಇಲ್ಲಾ ಮಮ್ಮಗನ ಕಿವಿ, ಅಷ್ಟ ನನ್ನ ಚಿಂತಿ! ನನ್ನ ಕಿವಿ ಹೋಗ್ಯಾವ್ರೀ. ನಾಲ್ಕು ವರ್ಷಾತು, ಏನಂದ್ರ ಏನೂ ಕೇಳಂಗಿಲ್ಲ. ಸೌಂಡಿನ ಪಕ್ಕದಾಗ ಕುಂತು ಕುಂತು ಹೋಗ್ಯಾವ. ಮಸ್ಕ್ಯಾಗ ಒಬ್ರಿಗೂ ಹೇಳಿಲ್ಲ, ಇವ್ಳಿಗೂ ಹೇಳಿಲ್ಲ. ಇಪ್ಪತ್ತು ಸಾವಿರಕ್ಕ ನನಗ ಹಿಂಗಾದ್ರ, ಮೂವತ್ತೈದು ಲಕ್ಷಕ್ಕ ಆ ಕೂಸಿನ ಗತಿ ಏನ್ರೀ? ನನ್ನ ಬೇಕಾದ್ರ ಜೈಲಿಗೆ ಹಾಕ್ರಿ. ಕೂಸಿಗೆ ಸೌಂಡ್ ಕೊಡಬ್ಯಾಡ್ರಿ!"

ಕರಿಬಸಯ್ಯನ ಕೈ ತಾನಾಗಿ ಸಡಿಲಿತು. ಕರೀಮಾಬಿ ಗಂಡನ ಎದುರಿಗೆ ಬಂದು ನಿಂತಳು. ನಾಲ್ಕು ವರ್ಷದಿಂದ ಏನು ಹೇಳಬೇಕಾದರೂ ಅವಳು ನಿಲ್ಲುತ್ತಿದ್ದುದು ಅಲ್ಲೇ.

"ಗೊತ್ತೈತಿ" ಎಂದಳು.

"ಏನು?"

"ನನಗ ಗೊತ್ತೈತಿ. ಅತೀಯಾಗ ಗೊತ್ತೈತಿ."

"ಲಗ್ನದ ಮಾತುಕತಿ ದಿನಾನ ನಮ್ಗ ಗೊತ್ತಾತು" ಎಂದರು ಬಾಗಿಲಿನಿಂದ ಶಾಕೀರಾಬಿ. ಅವರ ಧ್ವನಿ ಈಗ ಮೆತ್ತಗಾಗಿತ್ತು. "ನಾವು ಏನ್ ಕೇಳಿದ್ರೂ ಹೌದ್ಹೌದು ಅಂತಿದ್ರಿ. ಭಾಳ ಒಳ್ಳೆ ಮಂದಿ ಅನ್ಕೊಂಡಿದ್ವಿ, ಆಮ್ಯಾಲ ತಿಳೀತು."

ದಸ್ತಗೀರ್‌ಸಾಬ್ ಒಬ್ಬೊಬ್ಬರ ತುಟಿಯನ್ನೂ ನೋಡುತ್ತ ಹೋಗಿ ಕೊನೆಗೆ ಅಮರಗುಂಡಪ್ಪನ ಮೇಲೆ ಕಣ್ಣು ನಿಲ್ಲಿಸಿದರು. ಅಮರಗುಂಡಪ್ಪ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಟವೆಲಿನ ಅಂಚು ಹಿಡಿದು ನಿಂತಿದ್ದ.

"ಇಡೀ ಮಸ್ಕಿಗೆ ಗೊತ್ತೈತಿ ಮಾರಾಯ" ಎಂದ ನಿಧಾನವಾಗಿ. "ನಾಲ್ಕು ವರ್ಷದಿಂದ ಈ ಟವೆಲ್ ಆ ಕಡಿ ಈ ಕಡಿ ಹಾಕಿ ಹಾಕಿ ನನ್ನ ಭುಜ ಎರಡೂ ನೋಯ್ತಾವ. ನನಗೇನು ತಿಂಗಳಿಗೆ ಹತ್ತು ಭಾಷಣ ಕೇಳೂ ಹಣೆಬರಹ ಇತ್ತೇನು?"

ಡಾಕ್ಟರು ತಮ್ಮ ಕುರ್ಚಿಯನ್ನೇ ಸರಿಸಿ ದಸ್ತಗೀರ್‌ಸಾಬರನ್ನು ಕೂರಿಸಿದರು. ನಾಲ್ಕು ವರ್ಷ ತಾವೊಬ್ಬರೇ ಊರನ್ನೆಲ್ಲ ಏಮಾರಿಸಿದ್ದೇವೆಂದುಕೊಂಡಿದ್ದರು. ಊರೆಲ್ಲ ಸೇರಿ ಅವರನ್ನು ಕಾಪಾಡಿಕೊಂಡು ಬಂದಿತ್ತು. ಅವರು ಟೋಪಿ ತೆಗೆದು ಅದರಲ್ಲೇ ಮುಖ ಒರೆಸಿಕೊಂಡರು.

ಡಾಕ್ಟರ್ ಅಶ್ವಿನಿಗೆ ತಾನು ಪೊಲೀಸರ ಹೆಸರು ಎತ್ತಿದ್ದು ನೆನಪಾಗಿ ಕೆಟ್ಟದೆನಿಸಿರಬೇಕು. ಮುಖ ಕಾಣುವ ಹಾಗೆ ಎದುರಿಗೆ ಸ್ಟೂಲು ಹಾಕಿಕೊಂಡು ಕೂತರು. "ನೀವು ಸೌಂಡಿನ ಮಂದಿ, ನಿಮಗ ಬೇಗ ತಿಳೀತೈತಿ. ನಿಮ್ಮ ಕಿವಿ ಕೆಡಿಸಿದ್ದು ಸೌಂಡಿನ ಜೋರು, ಅದೂ ತಾಸುಗಟ್ಟಲೆ. ಎಷ್ಟು ಸಲ ಅದುರತೈತಿ ಅನ್ನೂದು ಬ್ಯಾರೆ, ಜೋರು ಬ್ಯಾರೆ. ಇದರ ಜೋರು ನಾವು ಹದ್ದಿನೊಳಗ ಇಟ್ಟಿರ್ತೀವಿ."

"ಮತ್ತ ಕುಂಯ್ ಅನ್ನಂಗಿಲ್ಲೇನ್ರೀ? ಅದ ಬಾಯಿ, ಅದ ಕಿವಿ?"

"ಎರಡೂ ಒಂದ ಹೊತ್ತಿನ್ಯಾಗ ಮಾಡಿದ್ರ ಅಂದೀತು. ಇದು ಒಂದು ಚೂರು ಮಾತಾಡಿ ಸುಮ್ನಾಗತೈತಿ. ನೂರು ಪಾಲು ಹೊತ್ತಿನ್ಯಾಗ ಮಾತು ಒಂದು ಪಾಲೂ ಇಲ್ಲ. ಉಳಿದಿದ್ದೆಲ್ಲಾ ಬರೀ ಕೇಳೂದು."

"ಇಂಥಾ ಮಷಿನ್ ಮನಿಗೊಂದು ಬೇಕಿತ್ತು" ಎಂದಳು ಕರೀಮಾಬಿ.

ಡಾಕ್ಟರು ನಗುತ್ತ ಕೈಯಲ್ಲಿ ಹಿಡಿಯುವ ಆ ಉಪಕರಣವನ್ನು ಗಾಳಿಯಲ್ಲಿ ಎತ್ತಿ ತೋರಿಸಿದರು. ಪರದೆಯ ಮೇಲೆ ಏನೂ ಮೂಡಲಿಲ್ಲ. "ನೋಡ್ರಿ, ಒಂದೀಟು ಗಾಳಿ ಅಡ್ಡ ಬಂದ್ರ ಈ ಸೌಂಡು ಮುಂದ ಹೋಗಂಗಿಲ್ಲ, ಅಲ್ಲೇ ಹೊಳ್ಳತೈತಿ. ನಿಮ್ಮ ಹತ್ತಿ ಪಟ್ಟಿ ತುಂಬ ಗಾಳಿ. ಅದನ್ನ ಕಟಗೊಂಡ್ರ ಕೂಸು ಕಾಣಂಗೇ ಇಲ್ಲ."

"ಗಾಳ್ಯಾಗ ಹೋಗದ ಸೌಂಡು ಎಂಥಾ ಸೌಂಡ್ರೀ!" ಮೂವತ್ತೆಂಟು ವರ್ಷ ಗಾಳಿಯನ್ನೇ ನಂಬಿ ಬದುಕಿದ ಮನುಷ್ಯನಿಗೆ ಅದು ನಂಬಲಾಗದ ಮಾತು. ಡಾಕ್ಟರು ಅವರ ಅಂಗೈಗೆ ತಣ್ಣನೆಯ ಲೋಳೆ ಹಚ್ಚಿ, ಗಾಳಿಗೆ ಸಂದಿಲ್ಲದಂತೆ ಉಪಕರಣ ಒತ್ತಿದರು. ಪರದೆ ಮೇಲೆ ಬೆಳ್ಳಗೆ ಗೆರೆ ಮೂಡಿತು. "ಇದು ನಿಮ್ಮ ಎಲುಬು. ಎಲುಬು ಸೌಂಡನ್ನ ಜೋರಾಗಿ ವಾಪಸ್ ಕಳಸತೈತಿ, ಅದಕ ಬೆಳ್ಳಗ. ನೀರು ಕಳಸಂಗಿಲ್ಲ, ಅದಕ ಕರ್ರಗ. ಸನೇದ್ದು ಬೇಗ ಬರತೈತಿ, ದೂರದ್ದು ತಡಾ ಬರತೈತಿ."

"ದೂರ ಕಟ್ಟಿದ ಸ್ಪೀಕರ್ ತಡಾ ಕೇಳತೈತಲ್ಲ, ಹಂಗ!" ದಸ್ತಗೀರ್‌ಸಾಬರ ಕಣ್ಣು ಅರಳಿದವು. ಅವರು ತಮ್ಮ ಅಂಗೈಯ ಎಲುಬನ್ನು ಬಹಳ ಹೊತ್ತು ನೋಡಿದರು. ತಾವು ಏನನ್ನೂ ಕೇಳಿಸಿಕೊಂಡಿರಲಿಲ್ಲ. ಕರೀಮಾಬಿಯ ಕಡೆ ತಿರುಗಿ, "ನಿನಗೇನರ ಕೇಳಿಸ್ತೇನು?" ಎಂದರು. ಇಲ್ಲ ಎಂದು ಅವಳು ತಲೆಯಾಡಿಸಿದಳು. ಬಾಗಿಲ ಬಳಿ ಅಮರಗುಂಡಪ್ಪನನ್ನು ನೋಡಿದರು. ಅವನ ಟವೆಲು ಎರಡೂ ಕಡೆ ಸರಿಯದೆ ನಡುವೆ, ಕುತ್ತಿಗೆಯ ಮೇಲಿತ್ತು. ಈ ಸೌಂಡಿಗೆ ಎಲ್ಲರೂ ಕಿವುಡರೇ. ನಾಲ್ಕು ವರ್ಷದಲ್ಲಿ ಮೊದಲ ಸಲ ದಸ್ತಗೀರ್‌ಸಾಬ್ ಜನರ ನಡುವೆ ಕೂತು ನಿರಾಳವಾಗಿ ಉಸಿರಾಡಿದರು.

ಆಮೇಲೆ ಅತೀಯಾಳ ಸರದಿ. ಕಪ್ಪು ನೀರಿನ ನಡುವೆ ಬೆಳ್ಳನೆಯ ಬೆನ್ನುಮೂಳೆ ಕಂಡಿತು, ಮುಷ್ಟಿ ಕಂಡಿತು. ಡಾಕ್ಟರು ಅಳೆದರು, ಬರೆದರು, ಮತ್ತೆ ಅಳೆದರು. ಅತೀಯಾ ಡಾಕ್ಟರ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. "ಎಲ್ಲಾ ಸರಿ ಐತಿ. ತೂಕ ಒಂದೀಟು ಕಡಿಮಿ, ಅಷ್ಟ. ನೀನೂ ಸಣ್ಣಾಕಿ ಅದೀ, ಕೂಸೂ ಸಣ್ಣದೈತಿ. ಚೆಂದಾಗಿ ಉಣ್ಣು. ಮೂರು ವಾರ ಬಿಟ್ಟು ಬಾ" ಎಂದರು. ಅತೀಯಾ ಅಳಲಿಲ್ಲ, ಕರೀಮಾಬಿ ಅತ್ತಳು.

"ಕಿವಿ?" ಎಂದರು ದಸ್ತಗೀರ್‌ಸಾಬ್.

"ಕಿವಿ ಕಾಣ್ತಾವ. ಕೇಳ್ತಾವೋ ಇಲ್ಲೋ ಈ ಮಷಿನ್ ಹೇಳಂಗಿಲ್ಲ. ಹುಟ್ಟಿದ ಮ್ಯಾಲೆ ನೋಡೋದು. ಹಂಗ ನಿಮ್ಮ ಕಿವೀನೂ ತೋರಿಸ್ರಿ, ಚೀಟಿ ಬರಕೊಡ್ತೀನಿ." ಡಾಕ್ಟರು ಒಂದು ಗುಂಡಿ ಒತ್ತಿದರು. "ಇದು ಕೂಸಿನ ಎದಿ ಬಡಿತ. ಇದು ನಮ್ಮ ಕಿವಿಗೆ ಕೇಳೂ ಹಂಗ ಮಷಿನ್ ಮಾಡಿಕೊಡತೈತಿ."

ಎಲ್ಲರ ಮುಖವೂ ಒಮ್ಮೆಲೇ ಬದಲಾದದ್ದನ್ನು ದಸ್ತಗೀರ್‌ಸಾಬ್ ನೋಡಿದರು. ಶಾಕೀರಾಬಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಕರಿಬಸಯ್ಯ ಕೂಡ ನಕ್ಕ. ಅವರೊಬ್ಬರಿಗೆ ಏನೂ ಇಲ್ಲ. ಅಭ್ಯಾಸಬಲದಿಂದ ಎಡ ಅಂಗೈಯನ್ನು ಮಷಿನ್ನಿನ ಮೇಲಿಟ್ಟರು. ಅದು ತೀರ ಸಣ್ಣ ಸ್ಪೀಕರು, ಕೈಗೆ ಏನೂ ಹತ್ತಲಿಲ್ಲ. ಆಗ ಮಲಗಿದ್ದಲ್ಲಿಂದಲೇ ಅತೀಯಾ ಕೈ ಚಾಚಿ, ಅಪ್ಪನ ಅಂಗೈ ಎಳೆದುಕೊಂಡು, ಒಂದು ಬೆರಳಿನಿಂದ ಅದರ ಮೇಲೆ ಬಡಿಯತೊಡಗಿದಳು. ಟಕಟಕ, ಟಕಟಕ, ಟಕಟಕ.

ದಸ್ತಗೀರ್‌ಸಾಬ್ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಗಂಭೀರವಾಗಿ ಹೇಳಿದರು: "ಸ್ಪೀಡು ಜಾಸ್ತಿ ಐತಿ."

"ಕೂಸಿಂದು ಅಷ್ಟ ಇರತೈತ್ರೀ" ಎಂದರು ಡಾಕ್ಟರು. "ಸಾಕೇನು?"

"ಇನ್ನೊಂದೀಟು" ಎಂದರು ದಸ್ತಗೀರ್‌ಸಾಬ್. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಅಂದು ಯಾರೂ ಗೊಣಗಲಿಲ್ಲ.

ಅತೀಯಾಗೆ ಹೆಣ್ಣು ಕೂಸು ಹುಟ್ಟಿತು. ಮಹೆಕ್ ಎಂದು ಹೆಸರಿಟ್ಟರು. ಕೂಸಿನ ಕಿವಿ ಪರೀಕ್ಷೆಗೆ ಗುರುವಾರ ಬನ್ನಿ ಎಂದಿದ್ದರು. ದಸ್ತಗೀರ್‌ಸಾಬರ ಕಿವಿಗೆಂದು ಅಳತೆ ಕೊಟ್ಟು ಮಾಡಿಸಿದ್ದ ಮಷಿನ್ನೂ ಗುರುವಾರವೇ ಬರುವುದಿತ್ತು. ಅಲ್ಲಿಯವರೆಗೆ ಅವರು ತೊಟ್ಟಿಲ ಪಕ್ಕ ಕೂತು ಕೂಸಿನ ಕಿವಿಯನ್ನೇ ನೋಡುತ್ತಿದ್ದರು. ಹಲೋ ಎನ್ನಬಾರದೆಂದು ಮನೆಯಲ್ಲಿ ಕಟ್ಟಪ್ಪಣೆಯಾಗಿತ್ತು.

ಬುಧವಾರ ಬೆಳಿಗ್ಗೆ ಕೂಸು ಪಡಸಾಲೆಯ ತೊಟ್ಟಿಲಲ್ಲಿ ಮಲಗಿತ್ತು. ದಸ್ತಗೀರ್‌ಸಾಬ್ ಅದಕ್ಕೆ ಬೆನ್ನು ಮಾಡಿ, ಬೀದಿಯ ಕಡೆ ಮುಖ ಮಾಡಿ, ಬಾಗಿಲಲ್ಲಿ ಕೂತು ವೈರು ಸುತ್ತುತ್ತಿದ್ದರು. ಮೊಣಕೈ ತಾಗಿ ಚಹಾದ ಸ್ಟೀಲ್ ತಟ್ಟೆ ಕಟ್ಟೆಯಿಂದ ಫರಸಿಯ ಮೇಲೆ ಬಿತ್ತು. ಅವರಿಗೆ ಅದು ಗೊತ್ತೇ ಆಗಲಿಲ್ಲ. ವೈರು ಸುತ್ತುತ್ತಲೇ ಇದ್ದರು.

ಎದುರಿಗೆ ಅಂಗಡಿಯಲ್ಲಿ ಅಮರಗುಂಡಪ್ಪ ಬೇಳೆ ತೂಗುತ್ತಿದ್ದ. ತೂಗುವುದನ್ನು ನಿಲ್ಲಿಸಿ ತಲೆ ಎತ್ತಿದ. ಸಾಹೇಬರ ಕಣ್ಣಿಗೆ ಬೀಳುವವರೆಗೂ ಕಾಯ್ದ. ಆಮೇಲೆ ಎಲ್ಲ ಹಲ್ಲೂ ತೋರಿಸಿ ನಗುತ್ತ, ಬಲ ಹೆಗಲ ಟವೆಲನ್ನು ತೆಗೆದು ಎಡ ಹೆಗಲಿಗೆ ಹಾಕಿಕೊಂಡ.

ಸೌಂಡು ಜಾಸ್ತಿಯಾಗಿದೆ. ಯಾವ ಸೌಂಡು? ಮೈಕ್ ಸೆಟ್ಟು ಬಂದ್ ಆಗಿತ್ತು. ದಸ್ತಗೀರ್‌ಸಾಬ್ ಹಿಂತಿರುಗಿ ನೋಡಿದರು. ನೆಲದ ಮೇಲೆ ತಟ್ಟೆ ಇನ್ನೂ ಗರಗರ ತಿರುಗುತ್ತಿತ್ತು. ತೊಟ್ಟಿಲಲ್ಲಿ ಮಹೆಕ್ ಬೆಚ್ಚಿಬಿದ್ದು, ಎರಡೂ ಕೈ ಮೇಲೆತ್ತಿ, ಮುಖ ಕೆಂಪಗೆ ಮಾಡಿಕೊಂಡು, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ಅಳುತ್ತಿತ್ತು.

ತಟ್ಟೆ ಬಿದ್ದದ್ದು ಅದಕ್ಕೆ ಕೇಳಿಸಿತ್ತು!

ದಸ್ತಗೀರ್‌ಸಾಬ್ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡರು. ಎಡ ಅಂಗೈ ಅದರ ಬೆನ್ನ ಮೇಲಿತ್ತು. ಆ ಸಣ್ಣ ಬೆನ್ನು ಅಳುವಿನಿಂದ ಅದುರುವುದು ಅಂಗೈಗೆ ಚೆನ್ನಾಗಿ ತಿಳಿಯುತ್ತಿತ್ತು. ಹಾಗೇ ಬಾಗಿಲಿಗೆ ಬಂದು, ಕಣ್ಣೊರೆಸಿಕೊಳ್ಳದೆ, ಇಡೀ ಓಣಿಗೆ ಕೇಳುವಂತೆ ಕೂಗಿದರು:

"ಟವೆಲ್ ತಗಿಯೋ ಅಮರಗುಂಡಪ್ಪ! ಈ ಸೌಂಡ್ ನಾ ಕಡಿಮಿ ಮಾಡಂಗಿಲ್ಲ!"